ಕೂಡಿಟ್ಟ ಭಾನುವಾರಗಳು

ಊರಿಗೆಲ್ಲ ವಾರಕ್ಕೊಂದು ಭಾನುವಾರ. ಫೌಜಿಯ ಮನೆಗೆ ಮಾತ್ರ ಅದು ಇಡಿಗಂಟಾಗಿ ಬರುತ್ತದೆ, ಬಂದ ವೇಗದಲ್ಲೇ ಕರಗುತ್ತದೆ. ಮಾರಿಕಣಿವೆಯ ಸೀಮೆಯಲ್ಲಿ ರಜೆಗೆ ಬಂದ ಸೈನಿಕ ಮತ್ತು ಅವನ ಹೆಂಡತಿಯ ಎರಡು ದಿನದ ಬೆನ್ನು ಹತ್ತಿದರೆ, ಕಾವಲಿನ ಪಾಳಿ ಯಾರದು ಎಂಬ ಲೆಕ್ಕವೇ ಬದಲಾಗುತ್ತದೆ.

ಬೈಕು ಮೂರನೇ ಒದೆತಕ್ಕೂ ಏಳಲಿಲ್ಲ.

ಹಿರಿಯೂರಿನ ಒಂದು ಬಡಾವಣೆ. ನವೆಂಬರ್ ತಿಂಗಳ ಭಾನುವಾರ, ಬೆಳಗಿನ ಆರೂವರೆ. ಮೈ ಕೊರೆಯುವ ಹಿಮದಲ್ಲಿ ಟ್ರಕ್ಕು ಎಬ್ಬಿಸಿ ಓಡಿಸುವ ಗಂಡಸು ತನ್ನದೇ ಬೈಕಿನ ಮುಂದೆ ಬೆವರುತ್ತಿದ್ದಾನೆ. ಬುತ್ತಿ ಚೀಲ ಹಿಡಿದು ನಿಂತ ಹೆಂಡತಿ ಒಂದಷ್ಟು ಹೊತ್ತು ನೋಡುತ್ತಾಳೆ. ಆಮೇಲೆ, "ಚೋಕ್ ಎಳೀರಿ. ಯುಗಾದಿಯಿಂದ ಹಂಗೇ ಐತೆ" ಅನ್ನುತ್ತಾಳೆ.

ಚೋಕ್ ಎಳೆದದ್ದೇ ತಡ, ಬೈಕು ಗುರುಗುಟ್ಟುತ್ತದೆ. ಅವನು ಬಲಗನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಾನೆ. ಬೈಕಿರುವುದು ಅವನ ಹೆಸರಲ್ಲಿ. ಅದರ ಗುಣ ಗೊತ್ತಿರುವುದು ಅವಳಿಗೆ.

ಈ ಇಬ್ಬರಿಗೆ ಇಲ್ಲಿ ಹೆಸರಿಲ್ಲ. ಇದು ಒಂದೇ ಮನೆಯ ಚಿತ್ರವೂ ಅಲ್ಲ, ಹಲವು ಮನೆಗಳ ರಜೆಯನ್ನು ಸೇರಿಸಿ ಹೊಲಿದ ಕೌದಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಓಣಿಯ ಸೈನಿಕ ಜೋಡಿಯನ್ನು ತಂದು ಕೂರಿಸಿದರೂ ಈ ಬೈಕು ಹೊತ್ತೊಯ್ಯುತ್ತದೆ. ಹೊರಟಿರುವುದು ಮಾರಿಕಣಿವೆಯ ಡ್ಯಾಮಿಗೆ.

ಊರು ಕೇಳುವ ಮೂರು ಪ್ರಶ್ನೆ

ಬಡಾವಣೆಯ ತಿರುವಿನಲ್ಲೇ ಹಾಲಿನವನು ಅಡ್ಡ ಸಿಗುತ್ತಾನೆ. "ಯಾವಾಗ್ ಬಂದ್ಯಪ್ಪ? ಎಷ್ಟ್ ದಿನ ರಜ? ಯಾವಾಗ್ ಹೊರಡ್ತೀಯ?"

ರಜೆಗೆ ಬಂದ ಸೈನಿಕನಿಗೆ ಊರು ಕೇಳುವುದು ಈ ಮೂರೇ ಪ್ರಶ್ನೆ, ಇದೇ ಸರದಿಯಲ್ಲಿ. ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆಮನೆಯಲ್ಲಿ ಅದೇ ಮೂರು. ಕೇಳುವವರಲ್ಲಿ ಕೆಡುಕೇನೂ ಇಲ್ಲ. ಆದರೆ ಬಂದವನ ಚೀಲ ಇನ್ನೂ ಬಿಚ್ಚಿರುವುದಿಲ್ಲ, ಹೋಗುವ ತಾರೀಕು ಊರಿಗೆಲ್ಲ ಗೊತ್ತಾಗಿರುತ್ತದೆ.

ತಾರೀಕು ಅವಳಿಗೂ ಗೊತ್ತು. ಗ್ಯಾಸ್ ಏಜೆನ್ಸಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಮಗುವಿನ ಲಸಿಕೆ ಎಲ್ಲಕ್ಕೂ ಗುರುತಿದೆ. ಆ ಒಂದು ದಿನಕ್ಕೆ ಮಾತ್ರ ಗುರುತಿಲ್ಲ.

ಸೈನಿಕನಿಗೆ ರಜೆಯೆಂದರೆ ಚುಟ್ಟಿ. ಈ ಹಿಂದಿ ಮಾತು ಅವನ ಟ್ರಂಕಿನ ಜೊತೆಗೇ ಬಂದು ಈ ಮನೆಗಳ ಕನ್ನಡದಲ್ಲಿ ಬೇರುಬಿಟ್ಟಿದೆ. ಗಡಿಯ ನೆಲೆಯಲ್ಲಿರುವ ಜವಾನ ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಪೀಸ್ ಸ್ಟೇಷನ್ ಎಂದು ಕರೆಯುವ ಶಾಂತ ನೆಲೆಗೆ ವರ್ಗವಾದಾಗ ಕ್ವಾರ್ಟರ್ಸಿಗೆ ಅರ್ಜಿ ಹಾಕಿ, ಸರದಿ ಕಾಯಬೇಕು. ಸರದಿ ಬಂದು, ಸಂಸಾರ ಹೂಡಿ, ಪಕ್ಕದ ಮನೆಯ ಪಂಜಾಬಿ ಹೆಂಗಸಿಗೆ ಮುದ್ದೆ ಕಟ್ಟುವುದು ಕಲಿಸುವಷ್ಟರಲ್ಲಿ ಮತ್ತೆ ವರ್ಗ.

ಉಳಿದ ಕಾಲವೆಲ್ಲ ಅವಳು ಇಲ್ಲಿ, ಅವನು 'ಅಲ್ಲಿ'. ಅಲ್ಲಿ ಎಂದರೆ ಎಲ್ಲಿ? ಲಕೋಟೆಯ ಮೇಲೆ ಊರಿನ ಹೆಸರೇ ಇರುವುದಿಲ್ಲ. ನಂಬರು, ಯೂನಿಟ್ಟು, ಕೊನೆಗೆ '56 ಎಪಿಒ' ಅಥವಾ '99 ಎಪಿಒ'. ಹಿಮದ ನೆತ್ತಿಯಾದರೂ ಅದೇ, ಮರಳುಗಾಡಾದರೂ ಅದೇ. ಅತ್ತೆಯ ಕಾಲದಲ್ಲಿ ಆ ವಿಳಾಸಕ್ಕೆ ನೀಲಿ ಇನ್‌ಲ್ಯಾಂಡ್ ಕಾಗದ ಹೋಗುತ್ತಿತ್ತು. ಸೊಸೆಯ ಕಾಲಕ್ಕೆ ವಿಡಿಯೊ ಕಾಲ್ ಬಂದಿದೆ. ಸಿಗ್ನಲ್ ಸಿಕ್ಕಿದ ದಿನ ಮುಖ, ಸಿಗದ ದಿನ 'ಕೊನೆಯ ಬಾರಿ ನೋಡಿದ್ದು' ಎಂಬ ಒಂದು ಸಾಲು.

> ಲೆಕ್ಕದ ಪುಟ
>
> * ಸೇನೆಯ ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ.
> * 90 ದಿನಗಳಲ್ಲಿ ಸಿಗುವ ಭಾನುವಾರಗಳು 12 ಅಥವಾ 13. ಊರಿನ ಉಳಿದ ಜೋಡಿಗಳಿಗೆ 52.
> * 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ, ವಾರ್ಷಿಕ ರಜೆ 30 ದಿನ. ಸೇರಲು ಅವಿವಾಹಿತರಾಗಿರಬೇಕು. ನಾಲ್ಕು ವರ್ಷದ ಕೊನೆಗೆ ಕಾಯಂ ಆಗುವವರು ಗರಿಷ್ಠ ಶೇ 25.

ಶನಿವಾರ: ಒಂದು ವರ್ಷದ ಬಾಕಿ

ಭಾನುವಾರ ಡ್ಯಾಮಿಗೆ ಹೋಗುವ ಮುನ್ನ ಒಂದು ಶನಿವಾರ ದಾಟಬೇಕು. ಅದು ಬಾಕಿ ಕೆಲಸಗಳ ದಿನ.

ಬೆಳಿಗ್ಗೆ ಐದಕ್ಕೆ ಅವನಿಗೆ ಎಚ್ಚರ. ಮೊದಲ ವಾರ ಅಭ್ಯಾಸಬಲ, ಎರಡನೆಯ ವಾರ ಉತ್ಸಾಹ. ಅವಳು ಏಳುವಷ್ಟರಲ್ಲಿ ಅಡುಗೆಮನೆಯ ಡಬ್ಬಗಳು ಎತ್ತರದ ಪ್ರಕಾರ ಸಾಲಾಗಿ, ಪರೇಡಿಗೆ ನಿಂತಂತೆ ನಿಂತಿವೆ. ಸಾಸಿವೆ ಎಲ್ಲಿಗೋ, ಸಕ್ಕರೆ ಎಲ್ಲಿಗೋ. ಅವಳು ಏನೂ ಅನ್ನುವುದಿಲ್ಲ. ಅವನು ಹೋದ ಮೇಲೆ ಎಲ್ಲವೂ ತಂತಮ್ಮ ಜಾಗಕ್ಕೆ ಬರುತ್ತವೆ ಎಂದು ಅವಳಿಗೆ ಗೊತ್ತು. ಡಬ್ಬಗಳಿಗೂ ಗೊತ್ತು.

ಬ್ಯಾಂಕು ಮೊದಲು. ಎರಡನೆಯ ಶನಿವಾರವೋ ನಾಲ್ಕನೆಯದೋ ಆಗಿದ್ದರೆ ಬಾಗಿಲು ಹಾಕಿರುತ್ತದೆ, ಬೇರೆ ದಿನವಾದರೆ ಸಾಲು. ಅವನ ಸಹಿ ಬೇಕಾದ ಕಾಗದಗಳನ್ನೆಲ್ಲ ಅವಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಟ್ಟಿದ್ದಾಳೆ: ಜಂಟಿ ಖಾತೆ, ಸೈಟಿನ ಖಾತೆ, ಬೆಳೆವಿಮೆ. ಸಹಿ ಅವನದು, ಪ್ರತಿ ಕಾಗದದ ಚರಿತ್ರೆ ಅವಳದು. ಗುಮಾಸ್ತರು ಪ್ರಶ್ನೆ ಕೇಳುವುದು ಅವನನ್ನು. ಅವನು ತಿರುಗಿ ನೋಡುವುದು ಅವಳನ್ನು.

ಅಲ್ಲಿಂದ ತೋಟ. ಕಡಲೆಕಾಯಿ ಕಿತ್ತು ಒಣಗಲು ಹಾಕಿದ್ದಾರೆ. ಬೋರ್‌ವೆಲ್ಲಿನ ಮೋಟರು ಹೋದ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿದ್ದು ಅವನಿಗೆ ಫೋನಿನಲ್ಲಿ ಒಂದು ಸಲವಷ್ಟೇ ತಿಳಿದಿದೆ. ಇನ್ನೊಂದನ್ನು ಅವಳು ಹೇಳಿರಲಿಲ್ಲ. "ಅಲ್ಲಿ ಕೂತು ಏನ್ ಮಾಡ್ತಿದ್ರಿ?" ಎನ್ನುತ್ತಾಳೆ. ಅವನ ಬಳಿಯೂ ಹೇಳದ ಸುದ್ದಿಗಳಿರುತ್ತವೆ. ಲೆಕ್ಕ ಸರಿಹೋಗುತ್ತದೆ.

ಮಗು ಮೂರು ದಿನ ಅವನನ್ನು ದೂರದಿಂದಲೇ ಪರೀಕ್ಷಿಸಿ, ನಾಲ್ಕನೆಯ ದಿನ ಹತ್ತಿರ ಬಂದು ಕೇಳಿದ ಪ್ರಶ್ನೆ: "ನೀನು ಯಾವಾಗ ಫೋನೊಳಕ್ಕೆ ಹೋಗ್ತೀಯ?" ಊರಿನ ಮೂರನೆಯ ಪ್ರಶ್ನೆಯೇ ಇದು, ಭಾಷೆ ಬೇರೆ.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಶನಿವಾರ ಸಂಜೆ ಹಿಂದೆ ಈ ಮನೆಗಳಲ್ಲಿ ರೇಡಿಯೊದ ಸುತ್ತ ಕೂರುವ ಹೊತ್ತಾಗಿತ್ತು. ವಿವಿಧ ಭಾರತಿಯ 'ಜಯಮಾಲಾ' ಸೈನಿಕರಿಗೆಂದೇ ಹಾಡು ಹಾಕುತ್ತಿತ್ತು. ಶನಿವಾರದ ವಿಶೇಷ ಕಂತಿಗೆ ಸಿನಿಮಾ ತಾರೆಯರೇ ಬಂದು ಮಾತಾಡುತ್ತಿದ್ದರು. ಅಲ್ಲಿ ಬ್ಯಾರಕ್ಕಿನಲ್ಲಿ ಮಗ ಕೇಳುವ ಹಾಡನ್ನೇ ಇಲ್ಲಿ ತಾನೂ ಕೇಳುತ್ತಿದ್ದೇನೆಂದು ತಾಯಂದಿರು, ಹಿಂದಿ ಬಾರದಿದ್ದರೂ, ದನಿ ಹೆಚ್ಚಿಸಿಕೊಂಡು ಕೂರುತ್ತಿದ್ದರು.

> ಅಡುಗೆಮನೆಗೆ ಬಂದ ಫೌಜಿ ಮಾತು
>
> * ಬಡಾ ಖಾನಾ: ಅಧಿಕಾರಿ, ಜವಾನ ಒಟ್ಟಿಗೆ ಕೂತುಣ್ಣುವ ದೊಡ್ಡೂಟ. ಮನೆಯಲ್ಲಿ ನಾಟಿಕೋಳಿ ಕುಯ್ದ ದಿನಕ್ಕೂ ಇದೇ ಹೆಸರು.
> * ಮಂದಿರ್ ಪರೇಡ್: ಭಾನುವಾರ ರೆಜಿಮೆಂಟಿನವರು ಒಟ್ಟಾಗಿ ದೇವಸ್ಥಾನಕ್ಕೆ ಹೋಗುವುದು.
> * ತಂಬಿ: ಬೆಂಗಳೂರಿನಲ್ಲಿ ಕೇಂದ್ರವಿರುವ, 1780ರಷ್ಟು ಹಳೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕ. ಕನ್ನಡಿಗನಾದರೂ ತಂಬಿಯೇ.
> * ಫಾಲ್ ಇನ್: ಸಾಲಾಗಿ ನಿಲ್ಲು. ಮಕ್ಕಳನ್ನು ಊಟಕ್ಕೆ ಕರೆಯುವ ಹೊಸ ವಿಧಾನ.

ಗಂಡನಿಲ್ಲದ ರಾಣಿ ಕಟ್ಟಿಸಿದ ಕಟ್ಟೆ

ಹಿರಿಯೂರಿನಿಂದ ಡ್ಯಾಮು ಸುಮಾರು 20 ಕಿಲೋಮೀಟರ್. ತೆಂಗಿನ ತೋಟಗಳ ನಡುವೆ ಬೈಕು ಓಡುತ್ತದೆ. ದೂರದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಯಾರಿಗೂ ಅವಸರವಿಲ್ಲದಂತೆ ತಿರುಗುತ್ತಿವೆ.

ಮೊದಲು ಕಣಿವೆ ಮಾರಮ್ಮ. ಕಣಿವೆಗೂ ಕಟ್ಟೆಗೂ ಮಾರಿಕಣಿವೆ ಎಂಬ ಹೆಸರು ಬಂದದ್ದು ಈ ತಾಯಿಯಿಂದ. "ಮಂದಿರ್ ಪರೇಡ್" ಎನ್ನುತ್ತ ಅವನು ಚಪ್ಪಲಿ ಬಿಡುತ್ತಾನೆ. ಅವಳು ಹಣ್ಣು ಕಾಯಿ ಮಾಡಿಸುತ್ತಾಳೆ. ಇದು ಕೇಳಿಕೊಳ್ಳುವ ಪೂಜೆಯಲ್ಲ, ಹರಕೆ ತೀರಿಸುವ ಪೂಜೆ. ಹೋದ ಸಲ ಅವನು ಹೊರಟ ಮರುದಿನ ಒಬ್ಬಳೇ ಬಂದು ಕಟ್ಟಿಕೊಂಡಿದ್ದ ಹರಕೆ. ಅವನಿಗೆ ಅದು ಗೊತ್ತಾಗಿದ್ದು ಇವತ್ತು.

ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಬಂದರೆ ಒಂದು ಕಡೆ ಕಣಿವೆ, ಇನ್ನೊಂದು ಕಡೆ ಸಮುದ್ರದಂಥ ನೀರು. ಚಿಕ್ಕಮಗಳೂರಿನ ಗಿರಿಗಳಲ್ಲಿ ಹುಟ್ಟಿದ ವೇದಾ, ಅವತಿ ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ಈ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದಳು. ಆ ಸಂದಿಗೆ ಕಲ್ಲಿನ ಅಗುಳಿ ಹಾಕಿದರೆ ಸಾಕಿತ್ತು.

ಹಾಕಿಸಿದ್ದು ಒಬ್ಬ ವಿಧವೆಯ ಆಳ್ವಿಕೆ. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಕಲಕತ್ತಾದಲ್ಲಿ ತೀರಿಕೊಂಡಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪಟ್ಟಕ್ಕೆ ಬಂದ ಮಗ ಎಳೆಯ ಹುಡುಗ. ಅವನು ದೊಡ್ಡವನಾಗುವವರೆಗೆ, ಅಂದರೆ 1902ರವರೆಗೆ, ವಾಣಿ ವಿಲಾಸ ಸನ್ನಿಧಾನ ಎಂಬ ಬಿರುದಿನಲ್ಲಿ ರೀಜೆಂಟ್ ಆಗಿ ರಾಜ್ಯ ನಡೆಸಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಆ ದಿನಗಳಲ್ಲೇ, 1898ರಲ್ಲಿ, ಇಲ್ಲಿ ಕೆಲಸ ಶುರುವಾಯಿತು. ಮುಗಿದದ್ದು 1907ರಲ್ಲಿ. ಕನ್ನಂಬಾಡಿ ಕಟ್ಟೆಗೆ ಆಗಿನ್ನೂ ಬುನಾದಿಯೂ ಬಿದ್ದಿರಲಿಲ್ಲ.

ಕಟ್ಟಿದ ಮೇಲೆ ಶುರುವಾಯಿತು ಕಾಯುವ ಕೆಲಸ. ಸುಮಾರು 30 ಟಿಎಂಸಿ ನೀರು ಹಿಡಿಯುವ ಪಾತ್ರೆ, ತುಂಬಿಸಬೇಕಾದದ್ದು ಮಳೆ ಕೈಕೊಡುವ ಸೀಮೆ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣಲು ಒಂದು ಆಯುಸ್ಸು ಬೇಕಾಯಿತು. ಆ ವಾರ ಹಿರಿಯೂರಿನ ರಸ್ತೆಗಳೆಲ್ಲ ಡ್ಯಾಮಿನ ಕಡೆಗೇ ಹರಿದವು. ಮೂರನೆಯ ಕೋಡಿ 2025ರ ಜನವರಿಯಲ್ಲಿ.

"ನೀವು ಇರ್ಲಿಲ್ಲ ಆಗ" ಎಂದು ಅವಳು 2022ರ ನೀರನ್ನು ಫೋನಿನಲ್ಲಿ ತೋರಿಸುತ್ತಾಳೆ. ಅವನು ಅದನ್ನು ಆಗಲೇ ಅಲ್ಲಿ ಕೂತು ನೋಡಿದ್ದ, ಪಕ್ಕದ ಬಿಹಾರಿ ಗೆಳೆಯನಿಗೂ ತೋರಿಸಿದ್ದ. ಆದರೂ ಮೊದಲ ಸಲ ನೋಡಿದವನಂತೆ ನೋಡುತ್ತಾನೆ.

ಬರದ ಸೀಮೆಯವರಿಗೆ ಕೂಡಿಡುವುದು ಗೊತ್ತು. ಚಿತ್ರದುರ್ಗದ ಕೋಟೆ ಹತ್ತಿದರೆ ಬಂಡೆಗಳ ನಡುವೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಬಿದ್ದ ಹನಿ ಓಡಿಹೋಗದಂತೆ ಪಾಳೆಯಗಾರರ ಕಾಲದಲ್ಲೇ ಹಿಡಿದಿಟ್ಟ ನೀರು. ಫೌಜಿಯ ಮನೆ ಭಾನುವಾರಗಳನ್ನು ಹಿಡಿದಿಡುವುದೂ ಹೀಗೆಯೇ. ಬಳಸುವಾಗ ತೂಬು ತುಸುವೇ ಎತ್ತಬೇಕು.

> ಮಾರಿಕಣಿವೆ, ಚುಟುಕಾಗಿ
>
> * ಅಧಿಕೃತ ಹೆಸರು: ವಾಣಿ ವಿಲಾಸ ಸಾಗರ. ಬಾಯಿಮಾತಿನಲ್ಲಿ ವಿ.ವಿ. ಸಾಗರ, ಇನ್ನೂ ಆಪ್ತವಾಗಿ 'ಡ್ಯಾಮು'.
> * ನದಿ: ವೇದಾವತಿ, ತುಂಗಭದ್ರೆಯನ್ನು ಸೇರುತ್ತದೆ.
> * ಪೂರ್ಣ ಮಟ್ಟ: 130 ಅಡಿ.
> * ಭದ್ರಾ ಮೇಲ್ದಂಡೆ ಯೋಜನೆಯಿಂದ 2019ರ ನಂತರ ಭದ್ರೆಯ ನೀರೂ ಇಲ್ಲಿಗೆ ಬರುತ್ತಿದೆ.

ಊಟಕ್ಕೆ ಬಂದ ಕಾವಲುಗಾರ

ಬುತ್ತಿ ಬಿಚ್ಚುತ್ತಾರೆ. ರೊಟ್ಟಿ, ಎಣ್ಣೆಗಾಯಿ, ಮೊಸರು. ಜೊತೆಗೆ ಕೊಳ್ಳಲೇಬೇಕೆಂದು ಅವನು ಹಟ ಹಿಡಿದ ಕರಿದ ಮೀನು.

ಈ ಸೀಮೆಯ ಅತಿ ಹೆಸರಾಂತ ಕತೆಯೂ ಶುರುವಾಗುವುದು ಒಬ್ಬ ಸೈನಿಕನ ಊಟದಿಂದಲೇ. ನಾವದನ್ನು ಒನಕೆಯ ಕತೆ ಎಂದು ನೆನಪಿಟ್ಟಿದ್ದೇವೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ನಟಿ ಜಯಂತಿ ಓಬವ್ವನಾಗಿ ಕಚ್ಚೆ ಕಟ್ಟಿ ನಿಂತದ್ದು ಕಣ್ಣಿನಿಂದ ಮಾಸಿಲ್ಲ. 2021ರಿಂದ ಸರ್ಕಾರ ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ. ಈ ತಿಂಗಳು ದುರ್ಗದ ಸೀಮೆಯಲ್ಲಿ ಪುಟ್ಟ ಹುಡುಗಿಯರು ಕೈಯಲ್ಲಿ ಒನಕೆ ಹಿಡಿದು ವೇದಿಕೆ ಏರುತ್ತಾರೆ.

ಒನಕೆಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಕತೆಯನ್ನು ನೋಡಿ. ಮದಕರಿ ನಾಯಕನ ಕಾಲ, ಹೈದರಾಲಿಯ ಮುತ್ತಿಗೆ. ಕಹಳೆ ಊದುವ ಕಾವಲುಗಾರ ಮುದ್ದಹನುಮಪ್ಪನ ಸಂಸಾರ ಕೋಟೆಯೊಳಗೇ, ಬತ್ತೇರಿಯ ಸಮೀಪ. ಇವತ್ತಿನ ಮಾತಿನಲ್ಲಿ ಫ್ಯಾಮಿಲಿ ಕ್ವಾರ್ಟರ್ಸ್. ಮಧ್ಯಾಹ್ನ ಅವನು ಊಟಕ್ಕೆ ಬರುತ್ತಾನೆ. ಮನೆಯಲ್ಲಿ ಕುಡಿಯಲು ನೀರಿಲ್ಲ. ಹೆಂಡತಿ ಓಬವ್ವ ಕೊಡ ಹಿಡಿದು ಹೊಂಡಕ್ಕೆ ಹೋಗುತ್ತಾಳೆ. ಬಂಡೆಯ ಕಿಂಡಿಯಲ್ಲಿ ಶತ್ರು ಸೈನಿಕರು ತೂರಿಕೊಂಡು ಬರುವುದು ಕಾಣುತ್ತದೆ.

ಮನೆಗೆ ಓಡಿ ಬಂದವಳು ಗಂಡನನ್ನು ಎಬ್ಬಿಸಬಹುದಿತ್ತು. ಉಣ್ಣುವವನನ್ನು ತಟ್ಟೆಯಿಂದ ಎಬ್ಬಿಸಬಾರದೆಂದು ಮೂಲೆಯ ಒನಕೆ ತೆಗೆದುಕೊಂಡು ಹೋದಳು, ಕಿಂಡಿಯಲ್ಲಿ ತೂರಿಬಂದವರನ್ನು ಅದರಿಂದಲೇ ಬಡಿದಳು. ಹೈದರಾಲಿ 1779ರಲ್ಲಿ ಕೋಟೆಯನ್ನು ಗೆದ್ದೇ ಗೆದ್ದ. ಆದರೆ ಜನ ನೆನಪಿಟ್ಟದ್ದು ಗೆದ್ದವನನ್ನಲ್ಲ, ಆ ಮಧ್ಯಾಹ್ನವನ್ನು.

ಅಂದರೆ ದುರ್ಗದ ದೊಡ್ಡ ವೀರಗಾಥೆ ಒಂದು ಸೈನಿಕ ಜೋಡಿಯ ದಿನನಿತ್ಯದ ಕತೆ: ಊಟ, ನೀರು, ಖಾಲಿ ಕೊಡ. ಕಾವಲುಗಾರ ಊಟಕ್ಕೆ ಕೂತ ಅರ್ಧ ಗಂಟೆಯಲ್ಲಿ ಪಾಳಿ ಹೆಂಡತಿಯದಾಯಿತು.

ಇವತ್ತಿನ ಫೌಜಿಯ ಮನೆಯಲ್ಲಿ ಇದು ತಿರುಗುಮುರುಗು. ವರ್ಷದಲ್ಲಿ ಒಂಬತ್ತು ತಿಂಗಳು ಮನೆ, ತೋಟ, ಅತ್ತೆ, ಮಾವ, ಮಗು, ಬ್ಯಾಂಕು ಎಲ್ಲದರ ಪಾಳಿ ಅವಳದು. ಅವನು ಬಂದಾಗ ಸಿಗುವುದು ಊಟದ ವಿರಾಮ. ಚುಟ್ಟಿ ಅವನದೆಂದು ಊರು ತಿಳಿದಿದೆ. ಬೈಕಿನ ಹಿಂದೆ ಸುಮ್ಮನೆ ಕೂತು ಗುಡ್ಡ ನೋಡುವ ಚುಟ್ಟಿ ಅವಳದು.

ಕಟ್ಟೆಯಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾನೆ, ಜನ ಬರುವ ದಾರಿ ಕಾಣುವಂತೆ. ಅದೂ ಅಭ್ಯಾಸ. ಅವಳು ನೀರಿನ ಕಡೆ ಮುಖ ಮಾಡಿದ್ದಾಳೆ. ಬೆನ್ನ ಹಿಂದಿನದನ್ನು ನೋಡಿಕೊಳ್ಳಲು ಈ ತಿಂಗಳು ಒಬ್ಬರಿದ್ದಾರೆ.

ಭಾನುವಾರ ಆಕಾಶದಿಂದ ಇಳಿದದ್ದು

ಈ ಜಿಲ್ಲೆಯ ಭಾನುವಾರಗಳಿಗೆ ಇನ್ನೊಂದು ಫೌಜಿ ನಂಟೂ ಇದೆ. ಚಳ್ಳಕೆರೆಯ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕ್ಷೇತ್ರ 2017ರಲ್ಲಿ ತೆರೆಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಅವತ್ತು ಭಾನುವಾರ. ಮೂರನೆಯ ಪರೀಕ್ಷೆ 2024ರ ಜೂನ್ 23ರಂದು. ಅವತ್ತೂ ಭಾನುವಾರ.

2023ರ ಆಗಸ್ಟ್ 20ರಂದು 'ತಪಸ್' ಡ್ರೋನ್ ಹಾರಾಟದ ಪರೀಕ್ಷೆಯಲ್ಲಿದ್ದಾಗ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲಕ್ಕೆ ಬಿತ್ತು. ಅದೂ ಭಾನುವಾರವೇ. ನೋಡಲು ಜನ ಮುಗಿಬಿದ್ದರು. ರಜೆಯಲ್ಲಿದ್ದ ಫೌಜಿಗಳಿಗೆ ಅವತ್ತು ಊರಿನಿಂದ ನಾಲ್ಕನೆಯ ಪ್ರಶ್ನೆಯೊಂದು ಎದುರಾಗಿದ್ದರೆ ಅಚ್ಚರಿಯಿಲ್ಲ: "ನಿಮ್ದೇ ಏನಪ್ಪ ಅದು?"

> ಒಂದು ಬೈಕು, ಒಂದು ಭಾನುವಾರ
>
> * ಚಿತ್ರದುರ್ಗ: ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ. ಪಕ್ಕದಲ್ಲೇ ಚಂದ್ರವಳ್ಳಿ. ಹಿರಿಯೂರಿನಿಂದ ಸುಮಾರು 40 ಕಿ.ಮೀ.
> * ಹೊಳಲ್ಕೆರೆ: ಸುಮಾರು 9 ಅಡಿ ಎತ್ತರದ ಬಯಲು ಗಣಪತಿ.
> * ಹೊಸದುರ್ಗ: ಹಾಲುರಾಮೇಶ್ವರ. ನವೆಂಬರ್ ಆದರೆ ಸಾಣೇಹಳ್ಳಿಯ ನಾಟಕೋತ್ಸವ.

ನೀರಿನ ಮೇಲೆ ಒಂದು ನಕ್ಷೆ

ಬಿಸಿಲು ಇಳಿದ ಮೇಲೆ ಗುಡ್ಡ ಹತ್ತುತ್ತಾರೆ. ಮೇಲಿನಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಎಂಬುದು ಇಲ್ಲಿಯವರ ಮಾತು. ಕಾಣುವುದು ನೋಡುವವರ ಮನಸ್ಸಿಗೆ ಬಿಟ್ಟದ್ದು. ಕನ್ಯಾಕುಮಾರಿಯನ್ನು ಎಲ್ಲರೂ ಗುರುತಿಸುತ್ತಾರೆ, ಉಳಿದದ್ದಕ್ಕೆ ಜಗಳ.

"ನೀವಿರೋದು ಎಲ್ಲಿ?" ಅವಳು ಕೇಳುತ್ತಾಳೆ.

ಅವನು ಬೆರಳು ಚಾಚಿ, ನೀರು ಮುಗಿದು ಕಲ್ಲು ಶುರುವಾಗುವ ತುದಿಯನ್ನು ತೋರಿಸುತ್ತಾನೆ. ಅವಳು ಅಲ್ಲಿಂದ ಕೆಳಕ್ಕೆ, ಹಿರಿಯೂರು ಇರಬೇಕಾದ ಜಾಗಕ್ಕೆ, ಕಣ್ಣಲ್ಲೇ ಅಳೆಯುತ್ತಾಳೆ. "ಇಷ್ಟೇನಾ" ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ.

ರಜೆಯ ಕೊನೆಯ ವಾರಕ್ಕೆ ಬೇರೆಯದೇ ಓಟವಿದೆ. ಚಟ್ನಿಪುಡಿ, ಹುರಿಗಡಲೆ ಉಂಡೆ, ಗೆಳೆಯರಿಗೆಂದು ಒಂದು ಚೀಲ ಕಡಲೆಕಾಯಿ. ಹಿರಿಯೂರಿಗೆ ರೈಲಿಲ್ಲ. ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಮೂರೋ ನಾಲ್ಕೋ ದಿನದ ದಾರಿ. ಬಸ್‌ಸ್ಟ್ಯಾಂಡಿನಲ್ಲಿ ಈ ಮನೆಯವರು ಅಳುವುದು ಕಡಿಮೆ. ಅಳು ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ಇಲ್ಲಿ ಉಳಿದಿರುವುದು "ನೀರಿನ ಬಾಟ್ಲು ತಗೊಂಡ್ರಾ" ಎಂಬಷ್ಟೇ ಮಾತು.

ಹೆದ್ದಾರಿಯ ತಿರುವಿನಲ್ಲಿ ಬಸ್ಸು ಮರೆಯಾಗುತ್ತದೆ. ಹೊರಗೆ ಬಂದವಳು ಬೈಕಿನ ಮೇಲೆ ಕೂರುತ್ತಾಳೆ. ಬಲಗನ್ನಡಿಯಲ್ಲಿ ಬರೀ ಆಕಾಶ ಕಾಣುತ್ತಿದೆ. ಅದನ್ನು ಕೆಳಕ್ಕೆ, ತನ್ನ ಕಣ್ಣಿನ ಮಟ್ಟಕ್ಕೆ ತಿರುಗಿಸಿಕೊಳ್ಳುತ್ತಾಳೆ. ಹಿಂದಿನ ರಸ್ತೆ ಕಾಣುತ್ತದೆ.

ಚೋಕ್ ಎಳೆದು, ಒಂದೇ ಒದೆತಕ್ಕೆ ಬೈಕು ಎಬ್ಬಿಸುತ್ತಾಳೆ.